ಚೀಲಕ್ಕ ಚೀಲ

ಕುಷ್ಟಗಿಯಲ್ಲಿ ಹನುಮಸಾಗರದ ದಾರಿ ಒಡೆಯುವಲ್ಲಿ ದಾಳಿಂಬೆ ಕಟ್ಟುವ ಶೆಡ್ಡೊಂದಿದೆ. ಅದರ ಮೇಲಂತಸ್ತಿನ ಹಾಲ್‌ನಲ್ಲಿ ಶಾಂಭವಿಯ ಕಚೇರಿ. ಬಿಸಿಲು ಏರಿದರೆ ಕೆಳಗಿನ ಹಣ್ಣಿನ ವಾಸನೆ ಮೆಟ್ಟಿಲು ಹತ್ತಿ ಬರುತ್ತದೆ, ಅದರ ಹಿಂದೆ ನೊಣಗಳೂ ಬರುತ್ತವೆ. ಮೊನ್ನೆ ಮೊನ್ನೆಯವರೆಗೆ ಅಲ್ಲಿ ನಡೆಯುತ್ತಿದ್ದುದು ಹಳೆಯ ಕಾಗದಗಳನ್ನು ಕಂಪ್ಯೂಟರಿಗೆ ಏರಿಸುವ ಕೆಲಸ. ಪಹಣಿ, ಸೊಸೈಟಿಯ ಸದಸ್ಯರ ಹೆಸರು, ಶಾಲೆಯ ದಾಖಲಾತಿ. ಬಂದದ್ದನ್ನು ಬಂದ ಹಾಗೆ ಬಡಿದು ಕಳಿಸುವುದು. ಶಾಂಭವಿಗೆ ಅದು ಸಾಕುಸಾಕಾಗಿತ್ತು. ಬಡಿದ ಅಂಕಿಗಳ ಒಳಗೆ ಏನಿದೆ ಎಂದು ನೋಡುವ ಕೆಲಸ ಯಾರಾದರೂ ಕೊಟ್ಟಾರೆಯೇ ಎಂದು ಅವಳು ಕಂಡಕಂಡವರನ್ನು ಕೇಳುತ್ತಿದ್ದಳು.

ಅಂಥ ಕೆಲಸ ಕೊನೆಗೆ ಬಂದದ್ದು ಯಲಬುರ್ಗಾದ ಸಿದ್ದಲಿಂಗೇಶನ ಕಡೆಯಿಂದ. ಕೊಪ್ಪಳದಲ್ಲಿ ಅವಳ ಜೊತೆ ಓದಿದವನು ಅವನು. ಈಗ ಹೈದರಾಬಾದಿನಲ್ಲಿ, ಸೈನ್ಯದ ಉಗ್ರಾಣಗಳಿಗೆ ಲೆಕ್ಕದ ಸಾಫ್ಟ್‌ವೇರ್ ಮಾಡಿಕೊಡುವ ಕಂಪನಿಯೊಂದರಲ್ಲಿ ಮ್ಯಾನೇಜರ್. ಊರಿಗೆ ಬಂದಾಗ ಹಾಲ್‌ನಲ್ಲಿ ಕುಳಿತು ಚಹಾ ಕುಡಿಯುತ್ತ ವಿಷಯ ಹೇಳಿದ್ದ.

"ಗುಡ್ಡದ ಮ್ಯಾಲೆ ಸೈನ್ಯದ್ದು ಒಂದು ಠಾಣ್ಯ ಐತಿ. ಎಲ್ಲಿ ಅಂತ ನನಗೂ ಹೇಳಿಲ್ಲ, ನೀನೂ ಕೇಳಬ್ಯಾಡ. ಹಿಮ ಬಿದ್ದು ದಾರಿ ಮುಚ್ಚೂದ್ರೊಳಗ ಮಂದಿಗೆ ಹಿಟ್ಟು, ಅಕ್ಕಿ, ಹೇಸರಗತ್ತಿಗೆ ಬಾರ್ಲಿ ಎಲ್ಲಾ ಮ್ಯಾಲೆ ಮುಟ್ಟಬೇಕು. ಕೆಳಗಿನ ದೊಡ್ಡ ಉಗ್ರಾಣದ್ದು ಒಂದು ಸಿಸ್ಟಮ್, ಲಾರಿಗಳದ್ದು ಒಂದು, ಗುಡ್ಡದ ಸ್ಟೋರಿಂದು ಇನ್ನೊಂದು. ಮೂರೂ ಮೂರು ಕಾಲದಾಗ ಮಾಡಿಸಿದ್ದು. ಒಂದರ ಮಾತು ಇನ್ನೊಂದಕ್ಕ ತಿಳಿಯೂದಿಲ್ಲ."

"ಒಂದ ಮನ್ಯಾಗ ಮೂರು ಮಂದಿ ಸ್ವಸ್ಯಾರು ಇದ್ದಂಗ," ಎಂದಳು ಶಾಂಭವಿ.

"ಹಂಗ ತಿಳಿ. ನೀ ಮೂರನ್ನೂ ಕೂಡಿಸಿ, ಇಂಥ ದಿನ ಗುಡ್ಡದ ಮ್ಯಾಲೆ ಎಷ್ಟು ದಾಸ್ತಾನಿತ್ತು ಅಂತ ಹೇಳಬೇಕು. ಹಳೇ ವರ್ಷದ ಲೆಕ್ಕ. ಅವತ್ತು ಖರೇನ ತೂಗಿದ ಅಂಕಿ ಸೈನ್ಯದ ಕಡಿಂದ ಈ ಲೆಕ್ಕ ನೋಡೂ ಕರ್ನಲ್ ಸಾಹೇಬರ ಹತ್ರ ಮುಚ್ಚಿದ ಲಕೋಟಿಯೊಳಗ ಐತಿ. ನೂರಕ್ಕ ಎರಡರೊಳಗ ಹೆಚ್ಚುಕಮ್ಮಿ ಬಂತು ಅಂದ್ರ ಮುಂದಿನ ಎಲ್ಲಾ ಕೆಲಸ ಕುಷ್ಟಗಿಗೆ. ಇಲ್ಲಂದ್ರ ನಮ್ಮ ಹೈದರಾಬಾದಿನ ಟೀಮು ಮಾಡತೈತಿ. ಆಮ್ಯಾಲೆ ಇನ್ನೊಮ್ಮೆ ನಿನ್ನ ಹೆಸರು ಹೇಳಾಕ ನನಗ ಬಾಯಿ ಇರೂದಿಲ್ಲ ನೋಡು."

ಹೀಗೆ ಹಾಲ್‌ನ ರೂಪ ಬದಲಾಯಿತು. ಇಂಟರ್ನೆಟ್ಟಿನ ತಂತಿ ಕಿತ್ತ ಮೂರು ಕಂಪ್ಯೂಟರು ಒಂದು ಮೂಲೆಗೆ ಬಂದವು. ಒಳಗೆ ಹೋಗುವವರು ಫೋನನ್ನು ಬಾಗಿಲ ಹೊರಗೆ ಬಿಟ್ಟು ಹೋಗಬೇಕು. ಆ ಮೂಲೆಗೆ ಹೋಗುವವರು ಮೂವರೇ: ಶಾಂಭವಿ, ಮುಬಾಶಿರಾ, ಪ್ರಭುರಾಜ. ಮುಬಾಶಿರಾ ಇದೇ ಊರಿನವಳು. ಅವಳ ತಂದೆ ಶಬ್ಬೀರಸಾಬ ಮಾರುಕಟ್ಟೆಯಲ್ಲಿ ಜೋಳದ ವ್ಯಾಪಾರಿ. ಪ್ರಭುರಾಜ ಗಂಗಾವತಿಯವನು, ಸೋದರಮಾವನ ಅಕ್ಕಿ ಗಿರಣಿಯಲ್ಲಿ ಓಡಾಡಿ ಬೆಳೆದವನು. ವಾರವಿಡೀ ಕುಷ್ಟಗಿಯಲ್ಲಿ ರೂಮು ಮಾಡಿಕೊಂಡಿದ್ದು ಶನಿವಾರ ಊರಿಗೆ ಹೋಗುತ್ತಿದ್ದ. ಇಬ್ಬರಿಗೂ ಬಿ.ಎಸ್ಸಿ. ಆಗಿತ್ತು, ಇಬ್ಬರಿಗೂ ಜಗಳದ ಚಟವಿತ್ತು.

ಮೊದಲ ದಿನಗಳು ಹಬ್ಬದಂತೆ ಹೋದವು. ಗೋಧಿಹಿಟ್ಟಿಗೆ ಕೆಳಗಿನ ಉಗ್ರಾಣದಲ್ಲಿ ‘ಆಟಾ’ ಎಂಬ ಹೆಸರು. ಲಾರಿಯವರಲ್ಲಿ ಅದಕ್ಕೆ ಬರೀ ಒಂದು ನಂಬರು. ಗುಡ್ಡದ ಮೇಲೆ ಯಾವುದೋ ಕಾಲದ ಕಾರಕೂನ ಕೊಟ್ಟ, ಸ್ವರಗಳೆಲ್ಲ ಉದುರಿದ ನಾಲ್ಕು ಇಂಗ್ಲಿಷ್ ಅಕ್ಷರ. ಈ ಮೂರೂ ಒಂದೇ ಎಂದು ಗೊತ್ತಾದಾಗಲೆಲ್ಲ ಮುಬಾಶಿರಾ ಮೇಜು ಕುಟ್ಟುತ್ತಿದ್ದಳು. ಬಾರ್ಲಿ ಒಂದು ಕಡೆ ಧಾನ್ಯ, ಇನ್ನೊಂದು ಕಡೆ ಪ್ರಾಣಿಗಳ ಸಾಮಾನಿನಲ್ಲಿ ಲಾಳ, ಜೀನುಗಳ ನಡುವೆ ಕುಳಿತಿತ್ತು. ಅದನ್ನು ಹುಡುಕಿದ ದಿನ ಪ್ರಭುರಾಜ ಎಲ್ಲರಿಗೂ ಮಿರ್ಚಿ ಭಜಿ ತರಿಸಿದ.

ಹೆಸರುಗಳು ಕೂಡಿದ ಮೇಲೆ ಪ್ರಮಾಣ. ಉಗ್ರಾಣದವರೂ ಗುಡ್ಡದವರೂ ಬರೆದದ್ದು ಚೀಲದ ಲೆಕ್ಕದಲ್ಲಿ, ಲಕೋಟೆಯ ಉತ್ತರ ಇರುವುದು ಕಿಲೋದಲ್ಲಿ. ಶಾಂಭವಿ ಕೆಲಸ ಹಂಚಿದಳು. ಉಗ್ರಾಣದ್ದು ಮುಬಾಶಿರಾಗೆ, ಗುಡ್ಡದ್ದು ಪ್ರಭುರಾಜನಿಗೆ. ಇಬ್ಬರೂ ಚೀಲಗಳನ್ನೆಲ್ಲ ಕಿಲೋಗೆ ಇಳಿಸಿದರು. ಇಳಿಸಿದ ಮೇಲೆ ಇನ್ನೇಕೆ ಎಂದು ಚೀಲದ ಕಾಲಮ್ಮನ್ನು ತೆಗೆದುಹಾಕಿದರು.

ಬುಧವಾರ ಬೆಳಿಗ್ಗೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ಪ್ರಭುರಾಜ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ನಿಂತ.

"ಅಕ್ಕಾ, ಇಲ್ಲಿ ಬರ್ರಿ. ಕೆಳಗಿಂದ ಹೋದದ್ದು ಮ್ಯಾಲೆ ಮುಟ್ಟಿಲ್ಲ."

ಶಾಂಭವಿ ಬಂದು ಬಗ್ಗಿ ನೋಡಿದಳು. ಲಾರಿಗಳು ನಾಲ್ಕಾರು ಠಾಣ್ಯಗಳಿಗೆ ಹಂಚುತ್ತ ಹೋಗುತ್ತಿದ್ದರಿಂದ ಎರಡೂ ಕಡೆಯ ಸಾಲುಗಳು ಒಂದಕ್ಕೊಂದು ಹೊಂದುತ್ತಿರಲಿಲ್ಲ. ಈ ಠಾಣ್ಯದ ಹೆಸರಿಗೆ ಹೊರಟದ್ದು, ಅಲ್ಲಿ ಮುಟ್ಟಿದ್ದು ಎಂಬ ತಿಂಗಳ ಮೊತ್ತವನ್ನಷ್ಟೇ ಹೋಲಿಸಬಹುದಿತ್ತು. ಮೇ ತಿಂಗಳಲ್ಲಿ ಹೊರಟ ಹಿಟ್ಟಿನ ಕಾಲು ಭಾಗ ಗುಡ್ಡ ಸೇರಿರಲಿಲ್ಲ. ಜೂನ್‌ನಲ್ಲಿಯೂ ಅಷ್ಟೇ. ಅಕ್ಕಿಯಲ್ಲಿ ಕಾಲು ಭಾಗ, ಬಾರ್ಲಿಯಲ್ಲಿ ಕಾಲು ಭಾಗ.

"ದಾರ್ಯಾಗ ಇಳಿಸ್ಯಾರ," ಎಂದ ಪ್ರಭುರಾಜ. "ನಾಕು ಚೀಲಕ್ಕ ಒಂದು ಚೀಲ ಹೊಡದಾರ. ಅವರ ಮೂರೂ ಸಿಸ್ಟಮ್ ಬ್ಯಾರೆ ಬ್ಯಾರೆ ಇರೂದ್ರಿಂದ ಇಷ್ಟು ವರ್ಷ ಯಾರಿಗೂ ಗೊತ್ತಾಗಿಲ್ಲ. ನಾವು ಹಿಡದ್ವಿ ನೋಡ್ರಿ."

"ಹೇಸರಗತ್ತಿ ಬಾಯಾಗಿಂದೂ ಬಿಟ್ಟಿಲ್ಲ," ಎಂದಳು ಮುಬಾಶಿರಾ. "ಎಂಥಾ ಮಂದಿ ಇವರು."

ಶಾಂಭವಿಯ ಕೆನ್ನೆ ಬಿಸಿಯಾಗಿತ್ತು. ಇಂಥದೊಂದು ಸಿಗಲಿ ಎಂದೇ ಅಲ್ಲವೆ ಅವಳು ಕಾದದ್ದು. ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತು ಫೋನಿನಲ್ಲಿ ಸಿದ್ದಲಿಂಗೇಶನಿಗೆ ಬರೆದಳು: ಮೂರೂ ದಾಖಲೆ ಕೂಡಿಸಿದಾಗ ಸಾಗಣೆಯಲ್ಲಿ ನಾಲ್ಕರಲ್ಲೊಂದು ಭಾಗ ಕಾಣೆಯಾಗಿರುವುದು ಕಂಡುಬಂದಿದೆ, ಎಲ್ಲ ಸಾಮಾನಿನಲ್ಲೂ, ಪ್ರತಿ ತಿಂಗಳೂ. ಕಳಿಸುವ ಮುನ್ನ ಒಮ್ಮೆ ಓದಿದಳು. ಕಳಿಸಿದಳು. ಕೆಳಗೆ ದಾಳಿಂಬೆಯ ಡಬ್ಬಿಗಳಿಗೆ ಪಟ್ಟಿ ಹೊಡೆಯುತ್ತಿದ್ದ ಹೆಂಗಸರು ಅವಳ ಮುಖ ನೋಡಿ, "ಏನ್ ಶಾಂಭವಿ, ಲಗ್ನ ಗಟ್ಟ್ಯಾತೇನು?" ಎಂದು ನಕ್ಕರು.

ಮಧ್ಯಾಹ್ನ ಮೂವರೂ ಊಟಕ್ಕೆ ಕುಳಿತರು. ಕಳಕಮ್ಮನ ಖಾನಾವಳಿಯಿಂದ ರೊಟ್ಟಿ, ಹೆಸರುಕಾಳಿನ ಪಲ್ಯ ಬಂದಿತ್ತು. ಮುಬಾಶಿರಾ ರೊಟ್ಟಿ ಮುರಿಯುತ್ತ ಪ್ರಭುರಾಜನ ಕಡೆ ತಿರುಗಿದಳು.

"ನಿಮ್ಮವ್ವಗ ಹೇಳು. ನಮ್ಮಪ್ಪ ಭಾಳ ಸಿಟ್ಟಿಗೆ ಬಂದಾನ."

ಹಿಂದಿನ ಭಾನುವಾರ ಎರಡು ಮನೆಗಳ ನಡುವೆ ಒಂದು ಅದಲುಬದಲು ನಡೆದಿತ್ತು. ಪ್ರಭುರಾಜನ ತಾಯಿಗೆ ಕುಷ್ಟಗಿಯ ಬಿಳಿಜೋಳ ಬೇಕಿತ್ತು, ಶಬ್ಬೀರಸಾಬನಿಗೆ ಗಂಗಾವತಿಯ ಭತ್ತ. ಗೆಳೆತನದ ಮಾತು, ದರ ಗಿರ ನೋಡುವುದು ಬೇಡ, ಚೀಲಕ್ಕೆ ಚೀಲ ಎಂದು ಒಪ್ಪಿಗೆಯಾಗಿತ್ತು. ಗೂಡ್ಸ್ ಗಾಡಿಯೊಂದು ಹೋಗುವಾಗ ಜೋಳ ಒಯ್ದು ಬರುವಾಗ ಭತ್ತ ತಂದಿತ್ತು.

"ಯಾಕ, ಭತ್ತ ಛಲೋ ಇಲ್ಲೇನು?"

"ಭತ್ತ ಛಲೋ ಐತಿ. ಚೀಲ ಛಲೋ ಇಲ್ಲ. ಅಪ್ಪ ಎತ್ತಿದವನ, ಇದೇನು ಹಗುರ ಬರತೈತಿ ಅಂತ ಕಾಂಟಾಕ್ಕ ಹಚ್ಚಿದ. ಎಪ್ಪತ್ತೈದ ಐತಿ."

"ಮತ್ತ? ಎಪ್ಪತ್ತೈದ ಇರಬೇಕು. ಚೀಲ ಅಲ್ಲೇನು ಅದು?"

"ಚೀಲ ಅಂದ್ರ ನೂರು."

"ಯಾವೂರಾಗ?"

"ಇದ ಊರಾಗ. ಈಗ ಕುಂತು ರೊಟ್ಟಿ ತಿನ್ನಾಕ ಹತ್ತಿಯಲ್ಲ, ಇದ ಊರಾಗ."

"ಗಂಗಾವತ್ಯಾಗ ಹೋಗಿ ಕೇಳು, ಕಾರಟಗ್ಯಾಗ ಕೇಳು. ಸಣ್ಣ ಹುಡುಗರೂ ಹೇಳ್ತಾವ, ಚೀಲ ಅಂದ್ರ ಎಪ್ಪತ್ತೈದು. ಭತ್ತದ ರೇಟು ಹೇಳೂದ ಅದರ ಮ್ಯಾಲೆ."

"ನಮ್ಮ ಪೂರಾ ಚೀಲ ಜ್ವಾಳ ಇಸಗೊಂಡು ಕಾಲು ಭಾಗ ನುಂಗೀರಿ, ಮ್ಯಾಲೆ ರೇಟು ಹೇಳ್ತಾನ."

ಶಾಂಭವಿಯ ತುತ್ತು ಬಾಯಿಯ ಹತ್ತಿರ ನಿಂತಿತು. ಅವಳು ಅದನ್ನು ಮೆಲ್ಲಗೆ ತಟ್ಟೆಗೆ ಇಳಿಸಿದಳು.

"ಪ್ರಭು, ಗುಡ್ಡದ ಚೀಲಕ್ಕ ನೀ ಎಷ್ಟು ಕಿಲೋ ಹಿಡದಿ?"

"ಚೀಲಕ್ಕ ಎಪ್ಪತ್ತೈದು..." ಎಂದವನು ನಾಲಿಗೆ ಕಚ್ಚಿಕೊಂಡ.

"ಮುಬಾಶಿರಾ, ನೀನು?"

ಮುಬಾಶಿರಾ ಎರಡೂ ಕೈ ಬಾಯಿಗೆ ಅಡ್ಡ ಹಿಡಿದು ಪ್ರಭುರಾಜನನ್ನು ನೋಡಿದಳು. ಪ್ರಭುರಾಜ ಅವಳನ್ನು ನೋಡಿದ. ಸೈನ್ಯದವರು ಚೀಲಕ್ಕೆ ಎಷ್ಟು ತುಂಬುತ್ತಾರೆ ಎಂದು ಇಬ್ಬರೂ ಯಾರನ್ನೂ ಕೇಳಿರಲಿಲ್ಲ. ಕೇಳಬೇಕು ಎಂದು ಹೊಳೆದಿರಲೂ ಇಲ್ಲ. ಚೀಲವೆಂದರೆ ಎಷ್ಟೆಂದು ಅವರವರಿಗೆ ಹುಟ್ಟಿದಾಗಿನಿಂದ ಗೊತ್ತಿತ್ತು.

"ಅಂದ್ರ ಕಳ್ಳರು ನಾವ," ಎಂದಳು ಮುಬಾಶಿರಾ ಕೊನೆಗೆ. ಅವಳಿಗೆ ನಗು ತಡೆಯಲಾಗಲಿಲ್ಲ. "ಗುಡ್ಡದಾಗಿನ ಲಾರಿ ಕುಷ್ಟಗ್ಯಾಗ ತುಂಬಿ ಗಂಗಾವತ್ಯಾಗ ಇಳಿಸೀವಿ."

ಶಾಂಭವಿ ನಗಲಿಲ್ಲ. ತೊಳೆಯದ ಕೈಯಲ್ಲೇ ಹೊರಗೆ ಓಡಿ ಎಡಗೈಯಿಂದ ಫೋನು ಎತ್ತಿದಳು.

"ಸಿದ್ದು, ಆ ಮೆಸೇಜು ಯಾರಿಗೂ ಕಳಿಸಬ್ಯಾಡ."

"ಕಳಿಸಿಬಿಟ್ಟೆನಲ್ಲ. ಕರ್ನಲ್‌ಗೆ ಕಳಿಸೇನಿ. ಮ್ಯಾಲೆ ನಾಕು ಸಾಲು ನಿನ್ನ ಹೊಗಳಿ ಬರದೇನಿ."

"ತಪ್ಪೈತಿ ಅದು. ಕಳವು ಗಿಳವು ಏನೂ ಆಗಿಲ್ಲ." ಅವಳು ನಡೆದದ್ದನ್ನು ಹೇಳಿದಳು.

"ಏನೋ ಟೆಕ್ನಿಕಲ್ ತೊಂದರಿ ಆಗಿತ್ತು ಅಂತ ಬರದು ಮುಗಿಸ್ತೀನಿ ತಗೊ."

"ಬ್ಯಾಡ. ಇದ್ದದ್ದು ಬರಿ. ಗಂಗಾವತಿ ಚೀಲ ಬ್ಯಾರೆ, ಕುಷ್ಟಗಿ ಚೀಲ ಬ್ಯಾರೆ, ಇಬ್ಬರೂ ಕೇಳಲಿಲ್ಲ ಅಂತ ಬರಿ. ಮಂದಿ ಮ್ಯಾಲೆ ಕಳವು ಹೊರಿಸಿ ಟೆಕ್ನಿಕಲ್ ಅಂದ್ರ ಹೆಂಗ?"

"ನಾಳಿದ್ದು ಕರ್ನಲ್ ಸಾಹೇಬರು ತಾವ ಅಲ್ಲಿ ಬರ್ತಾರ, ಶಾಂಭವಿ. ಲಕೋಟಿ ತಗೊಂಡು. ಗೊತ್ತೈತಿಲ್ಲ?"

"ಗೊತ್ತೈತಿ."

ಒಳಗೆ ಬಂದಾಗ ಇಬ್ಬರೂ ಆಗಲೇ ಮೂಲ ದಾಖಲೆ ತೆರೆದು, ಅಳಿಸಿದ ಚೀಲದ ಕಾಲಮ್ಮನ್ನು ವಾಪಸು ತಂದಿದ್ದರು. ಹೋದಷ್ಟೇ ಚೀಲಗಳು ಮುಟ್ಟಿದ್ದವು. ಒಂದೂ ಕಡಿಮೆಯಿರಲಿಲ್ಲ.

"ಈಗ ಖರೇ ಚೀಲ ಎಷ್ಟಂತ ಹಿಡಿಯೂದು?" ಎಂದ ಪ್ರಭುರಾಜ. "ಎಪ್ಪತ್ತೈದು ಅಂತ ನಾ ಹೇಳೂದಿಲ್ಲ ತಗೋರಿ."

"ಕೇಳೂಣು," ಎಂದಳು ಶಾಂಭವಿ.

"ಯಾರ್ನ?"

"ಲಾರಿನ."

ಅಷ್ಟು ದಿನ ಮೂರನೆಯ ಸಿಸ್ಟಮ್ಮನ್ನು ಅವರು ದಾರಿ ತಿಳಿಯಲಿಕ್ಕೆ ಮಾತ್ರ ಬಳಸಿದ್ದರು. ಅದರಲ್ಲಿ ಇನ್ನೊಂದು ವಿಷಯವಿತ್ತು. ಪ್ರತಿ ಲಾರಿ ಹೊರಡುವಾಗ ತುಂಬಿದ ತೂಕ, ಮರಳಿದಾಗ ಖಾಲಿ ತೂಕ. ಆ ಲಾರಿಗೆ ಎಷ್ಟು ಚೀಲ ಹೇರಿದರು ಎಂಬುದು ಉಗ್ರಾಣದ ಸಿಸ್ಟಮ್ಮಿನಲ್ಲಿತ್ತು. ಎರಡನ್ನೂ ಲಾರಿಯ ನಂಬರು, ದಿನ ಹಿಡಿದು ಕಟ್ಟಿದರೆ ಒಂದು ಚೀಲದ ತೂಕ ತಾನಾಗಿ ಹೊರಬೀಳಬೇಕು. ಉಗ್ರಾಣದವರಿಗೆ ತೂಕ ಗೊತ್ತಿರಲಿಲ್ಲ, ಲಾರಿಯವರಿಗೆ ಚೀಲ ಗೊತ್ತಿರಲಿಲ್ಲ. ಎರಡೂ ಗೊತ್ತಿರುವವರು ಈ ಮೂಲೆಯಲ್ಲಿ ಕುಳಿತ ಮೂವರು ಮಾತ್ರ.

ಇದು ತಲೆಗೆ ಬಂದ ಮೇಲೆ ಯಾರೂ ಕುಳಿತು ಕೆಲಸ ಮಾಡಲಿಲ್ಲ. ಪ್ರಭುರಾಜ ನಿಂತೇ ಬಡಿಯುತ್ತಿದ್ದ. ಮುಬಾಶಿರಾ ಅವನ ಹೆಗಲ ಮೇಲಿಂದ ತಪ್ಪು ತೋರಿಸುತ್ತಿದ್ದಳು. ಲಾರಿಯ ನಂಬರನ್ನು ಒಬ್ಬರು ಗೆರೆ ಹಾಕಿ ಬರೆದಿದ್ದರು, ಇನ್ನೊಬ್ಬರು ಹಾಕದೆ ಬರೆದಿದ್ದರು. ಅದನ್ನು ಸರಿಮಾಡಿದರು. ಪರದೆಯ ಮೇಲೆ ಮೊದಲ ಚುಕ್ಕೆಗಳು ಬಿದ್ದವು. ಒಂದೊಂದು ಲಾರಿಗೆ ಒಂದೊಂದು ಚುಕ್ಕೆ, ಎಡದಿಂದ ಬಲಕ್ಕೆ ದಿನ.

ಚುಕ್ಕೆಗಳು ತೊಂಬತ್ತಾರರ ಸುತ್ತ ಬಿತ್ತಿದ ಸಾಲಿನಂತೆ ಹೊರಟವು. ಮುಬಾಶಿರಾ, "ನೂರಕ್ಕ ಸಮೀಪ ಐತಿ ನೋಡು, ನೋಡು," ಎಂದು ಪ್ರಭುರಾಜನ ಬೆನ್ನಿಗೆ ಗುದ್ದಿದಳು.

"ತಡಿ. ಗೋಣಿದು ಒಂದು ಕಿಲೋ ಕಳಿ. ತೊಂಬತ್ತೈದು."

ಜುಲೈ ಕೊನೆಯವರೆಗೆ ಸಾಲು ನೆಟ್ಟಗೆ ಬಂತು. ಆಮೇಲೆ ಜಾರಿ ಬಿತ್ತು. ಮೇಲಿನಿಂದ ಯಾರೋ ಕತ್ತರಿಸಿ ಕೆಳಗೆ ಇಟ್ಟ ಹಾಗೆ, ಆಗಸ್ಟಿನಿಂದ ಚುಕ್ಕೆಗಳೆಲ್ಲ ಐವತ್ತರ ಮೇಲೆ ಕುಳಿತಿದ್ದವು. ನಡುವೆ ಕೆಲವು ಲಾರಿ ಮಾತ್ರ ಎರಡೂ ಅಲ್ಲದ ಕಡೆ ಇದ್ದವು. ಅವು ಎರಡೂ ಬಗೆಯ ಚೀಲ ಹೇರಿಕೊಂಡು ಹೋದವು.

"ಚೀಲಾನ ಬದಲಿ ಮಾಡ್ಯಾರ," ಎಂದಳು ಶಾಂಭವಿ. "ದೊಡ್ಡ ಗೋಣಿ ಬಿಟ್ಟು ಸಣ್ಣ ಚೀಲ ಮಾಡ್ಯಾರ. ಕಾರಕೂನ ಮೊದಲಿನಂಗ ಚೀಲ ಅಂತ ಬರಕೊಂತ ಹೋಗ್ಯಾನ."

"ಅವನೂ ಕೇಳಿಲ್ಲ, ನಮ್ಮಂಗ," ಎಂದ ಪ್ರಭುರಾಜ. ಅವನಿಗೆ ಸ್ವಲ್ಪ ಸಮಾಧಾನವಾದಂತಿತ್ತು.

ಆದರೆ ಉತ್ತರ ಇನ್ನೂ ದೂರವಿತ್ತು. ಲಕೋಟೆಯ ದಿನ ಗುಡ್ಡದ ಸ್ಟೋರಿನಲ್ಲಿ ಇಷ್ಟು ಚೀಲ ಉಳಿದಿದ್ದವು ಎಂದು ಗೊತ್ತು. ಉಳಿದವು ದೊಡ್ಡವೋ ಸಣ್ಣವೋ ಯಾರಿಗೆ ಗೊತ್ತು? ಮರುದಿನ ಬೆಳಿಗ್ಗೆ ಇದೇ ಜಗಳ.

"ಮೊದಲು ಬಂದದ್ದು ಮೊದಲು ತೆಗೀತಾರ," ಎಂದ ಪ್ರಭುರಾಜ. "ಸೈನ್ಯ ಅದು. ಶಿಸ್ತು ಇರತೈತಿ."

"ನಮ್ಮ ಗೋದಾಮಿನ್ಯಾಗ ನೋಡು ಬಾ. ಹಿಂದಿನ ಗ್ವಾಡಿಗೆ ಹಚ್ಚಿದ ಚೀಲ ಮೂರು ವರ್ಷ ಆದ್ರೂ ಅಲ್ಲೇ ಇರ್ತಾವ. ಮುಂದಿಂದು ಎತ್ತಾಕ ಸಸಾರ."

"ನಿಮ್ಮ ಗೋದಾಮಿನಂಗ ಸೈನ್ಯ ನಡದ್ರ ಮುಗೀತು."

"ಮತ್ತ ಊರ ಲೆಕ್ಕ ಹಿಡಿಬ್ಯಾಡ್ರಿ ಇಬ್ಬರೂ," ಎಂದಳು ಶಾಂಭವಿ. "ಅವರು ದಿನಾ ಎಷ್ಟು ಚೀಲ ಬಿಚ್ಚಿದ್ರು ಅಂತ ಗುಡ್ಡದ ದಾಖಲ್ಯಾಗ ಐತಿಲ್ಲ? ಅದನ್ನ ತಗೀರಿ."

ಮುಬಾಶಿರಾ ತೆಗೆದಳು. ಹಿಟ್ಟಿನ ಸಾಲಿನ ಮೇಲೆ ಬೆರಳು ಎಳೆಯುತ್ತ ಹೋದವಳು ಸೆಪ್ಟೆಂಬರಿನ ನಡುವೆ ತಟ್ಟನೆ ನಿಂತಳು. ಅಲ್ಲಿಯವರೆಗೆ ಬಿಚ್ಚುತ್ತಿದ್ದ ಚೀಲಕ್ಕೆ ಅಲ್ಲಿಂದ ಮುಂದೆ ಸುಮಾರು ದುಪ್ಪಟ್ಟು ಬಿಚ್ಚಿದ್ದರು.

"ಅಕ್ಕಾ, ಉಣ್ಣೋ ಮಂದಿ ಅಷ್ಟ ಅದಾರ. ಚೀಲ ಎರಡರಷ್ಟು ಆಗ್ಯಾವ." ಅವಳ ಮಾತು ಓಡುತ್ತಿತ್ತು. "ಅವತ್ತಿಗೆ ದೊಡ್ಡ ಚೀಲ ಖಾಲಿ. ಅಲ್ಲಿಂದ ಸಣ್ಣವು ಶುರು."

ಅಕ್ಕಿಯಲ್ಲಿಯೂ ಹಾಗೇ ಇತ್ತು, ಕೆಲವು ದಿನ ಆಚೀಚೆ. ಬಾರ್ಲಿಯಲ್ಲಿ ಮಾತ್ರ ಕೊನೆಯ ದಿನದವರೆಗೂ ಸಂಖ್ಯೆ ಏರಿರಲಿಲ್ಲ. ಅಂದರೆ ಹೇಸರಗತ್ತೆಗಳು ಇನ್ನೂ ದೊಡ್ಡ ಚೀಲದ್ದನ್ನೇ ತಿನ್ನುತ್ತಿದ್ದವು. ಬಂದ ಸಣ್ಣ ಚೀಲಗಳೆಲ್ಲ ಮುಟ್ಟದೆ ಉಳಿದಿದ್ದವು. ಅವನ್ನು ಬೇರೆ ಎಣಿಸಿದರು, ಇವನ್ನು ಬೇರೆ ಎಣಿಸಿದರು. ಸಂಜೆಯ ಹೊತ್ತಿಗೆ ಮೂರು ಅಂಕಿ ಸಿದ್ಧವಾದವು. ಪ್ರತಿ ಅಂಕಿಯ ಪಕ್ಕದಲ್ಲಿ ಶಾಂಭವಿ ಒಂದು ಹೊಸ ಕಾಲಮ್ ಹಾಕಿಸಿದಳು: ಎಲ್ಲಿಯ ಚೀಲ, ಯಾವಾಗಿನ ಚೀಲ.

ಕರ್ನಲ್ ಬಂದಾಗ ಕೆಳಗೆ ದಾಳಿಂಬೆ ತುಂಬುವ ಗದ್ದಲ. ಸಿದ್ದಲಿಂಗೇಶ ಮುಂದೆ, ಅವರು ಹಿಂದೆ, ಡಬ್ಬಿಗಳ ಸಂದಿಯಲ್ಲಿ ಹಾದು ಮೆಟ್ಟಿಲು ಹತ್ತಿದರು. ನಿವೃತ್ತರಾಗಿದ್ದರೂ ನಡಿಗೆ ನಿವೃತ್ತವಾಗಿರಲಿಲ್ಲ. ಮೈಸೂರು ಕಡೆಯವರು. ಬಾಗಿಲಲ್ಲಿ ಫೋನನ್ನು ತಾವೇ ತೆಗೆದು ಹೊರಗಿಟ್ಟು ಒಳಗೆ ಬಂದು ಕುಳಿತರು. ಲಕೋಟೆಯನ್ನು ಮೇಜಿನ ಮೇಲಿಟ್ಟು ಅದರ ಮೇಲೆ ಅಂಗೈ ಇಟ್ಟರು.

"ಕಾಲು ಭಾಗ ಕದ್ದವರು ಯಾರು ಅಂತ ಮೊದಲು ತೋರಿಸಿಬಿಡಿ."

ಸಿದ್ದಲಿಂಗೇಶ ನೆಲ ನೋಡಿದ. ಶಾಂಭವಿ ಕೈ ಚಾಚಿ, "ಇವರು ಗಂಗಾವತಿ, ಇವರು ಕುಷ್ಟಗಿ," ಎಂದಳು. "ಇಬ್ಬರಿಗೂ ಕೆಲಸ ಹಂಚಿ, ಯಾರ್ನೂ ಕೇಳಲಾರ್ದ ಮೆಸೇಜು ಹಾಕಿದಾಕಿ ನಾನರಿ."

ಕರ್ನಲ್ ಇಬ್ಬರನ್ನೂ ಒಬ್ಬೊಬ್ಬರನ್ನಾಗಿ ನೋಡಿದರು. "ನೀವು ಬರೆಸಿದ ಎರಡನೇ ಸಂದೇಶ ಓದಿದೆ. ನನ್ನ ಸರ್ವಿಸ್‌ನಲ್ಲಿ ಯಾರೂ ಹೀಗೆ ಬರೆದದ್ದು ಕಾಣೆ. ಎಲ್ಲರೂ ಟೆಕ್ನಿಕಲ್ ಅಂತಲೇ ಬರೆಯೋದು." ನಗುತ್ತಿದ್ದಾರೋ ಇಲ್ಲವೋ ತಿಳಿಯಲಿಲ್ಲ. "ಹೇಳಿ, ಹಿಟ್ಟು ಎಷ್ಟು?"

ಶಾಂಭವಿ ಅಂಕಿ ಓದಿದಳು. ಅವರು ಲಕೋಟೆ ಒಡೆದು, ಕನ್ನಡಕ ಏರಿಸಿ, ಕಾಗದವನ್ನು ತಮ್ಮ ಕಡೆಗೇ ಹಿಡಿದು ನೋಡಿದರು.

"ಅಕ್ಕಿ?"

ಹಿಟ್ಟು ಏನಾಯಿತೆಂದು ಹೇಳಲಿಲ್ಲ. ಶಾಂಭವಿ ಅಕ್ಕಿಯದನ್ನು ಓದಿದಳು. ಪ್ರಭುರಾಜ ಕುರ್ಚಿಯ ಬೆನ್ನು ಹಿಡಿದು ನಿಂತಿದ್ದ.

"ಬಾರ್ಲಿ?"

ಬಾರ್ಲಿಯದನ್ನು ಓದಿದಾಗ ಅವರು ಮೊದಲ ಸಲ ತಲೆಯೆತ್ತಿದರು. "ಇದರಲ್ಲಿ ಎಷ್ಟು ದೊಡ್ಡ ಚೀಲ, ಎಷ್ಟು ಸಣ್ಣದು?"

ಮುಬಾಶಿರಾ ತಾನೇ ಹೇಳಿದಳು, ಪರದೆ ನೋಡದೆ.

"ಯಾರು ಹೇಳಿದರು ನಿಮಗೆ?"

"ಯಾರೂ ಇಲ್ಲರಿ. ಹೇಸರಗತ್ತಿ ಎಷ್ಟು ಚೀಲ ತಿಂದ್ವು ಅಂತ ಎಣಿಸಿದ್ವಿ."

ಕರ್ನಲ್ ಕಾಗದವನ್ನು ಮೇಜಿನ ಮೇಲೆ ತಿರುಗಿಸಿ ಇಟ್ಟರು. ಮೂವರ ತಲೆಗಳೂ ಒಮ್ಮೆಲೆ ಬಗ್ಗಿ ಒಂದಕ್ಕೊಂದು ತಾಗಿದವು. ಹಿಟ್ಟು ನೂರಕ್ಕೆ ಒಂದೂ ತಪ್ಪಿರಲಿಲ್ಲ. ಅಕ್ಕಿ ಒಂದೂವರೆ. ಬಾರ್ಲಿಯಲ್ಲಿದ್ದ ವ್ಯತ್ಯಾಸ ಒಂದೇ ಒಂದು ಸಣ್ಣ ಚೀಲದ್ದು.

ಮುಬಾಶಿರಾ ಶಾಂಭವಿಯ ತೋಳು ಹಿಡಿದಳು, ಬಿಡಲಿಲ್ಲ. ಪ್ರಭುರಾಜ ಕುಳಿತುಬಿಟ್ಟ. ಸಿದ್ದಲಿಂಗೇಶ ಕಾಗದ ಎತ್ತಿಕೊಂಡು ಇನ್ನೊಮ್ಮೆ ಓದಿ, "ನಾ ಹೇಳಿರಲಿಲ್ಲೇನರಿ ಸರ್," ಎಂದ.

"ನೀವು ಹೈದರಾಬಾದಿನವರಿಗೇ ಕೊಡೋಣ ಅಂದಿದ್ದಿರಿ, ನಿನ್ನೆ ರಾತ್ರಿ," ಎಂದರು ಕರ್ನಲ್. ಅವನ ಕಿವಿ ಕೆಂಪಾಯಿತು. ಶಾಂಭವಿಗೆ ಸಿಟ್ಟು ಬರಲಿಲ್ಲ. ಯಾವ ಸಿಟ್ಟಿಗೂ ಈಗ ಅವಳಲ್ಲಿ ಜಾಗವಿರಲಿಲ್ಲ.

ಕರ್ನಲ್ ಹೊರಗೆ ಹೋಗಿ ಮೆಟ್ಟಿಲ ಮೇಲೆ ನಿಂತು ಯಾರಿಗೋ ಫೋನು ಹಚ್ಚಿದರು. ಮೂವರೂ ಬಾಗಿಲಿಗೆ ಬಂದು ನಿಂತರು.

"ಹೌದು, ಉಳಿದ ಠಾಣ್ಯಗಳದ್ದೆಲ್ಲ ಇವರಿಗೇ ಕಳಿಸಿ. ಇಲ್ಲ, ಹೈದರಾಬಾದಿಗಲ್ಲ. ವಿಳಾಸ ಬರೆದುಕೊಳ್ಳಿ. ಕುಷ್ಟಗಿ. ಕೆ, ಯು, ಎಸ್..." ಅವರು ಫೋನಿಗೆ ಕೈ ಅಡ್ಡ ಹಿಡಿದು ತಿರುಗಿದರು. "ಎಸ್ ಆದ ಮೇಲೆ ಎಚ್ ಇದೆಯಾ?"

"ಐತ್ರಿ," ಎಂದಳು ಮುಬಾಶಿರಾ.

"ಬಸ್ಸಿನ ಬೋರ್ಡಿನ್ಯಾಗ ಇಲ್ಲರಿ," ಎಂದ ಪ್ರಭುರಾಜ.

"ನನ್ನ ಆಧಾರ್ ಕಾರ್ಡಿನ್ಯಾಗ ಟಿ ಆದ ಮ್ಯಾಲೂ ಒಂದು ಎಚ್ ಐತ್ರಿ," ಎಂದಳು ಶಾಂಭವಿ.

ಕರ್ನಲ್ ಮೂವರನ್ನೂ ಒಂದು ಗಳಿಗೆ ನೋಡಿದರು. ಆಮೇಲೆ ಫೋನನ್ನು ಕಿವಿಗೆ ಒತ್ತಿ, "ಮೂರು ತರಹ ಇದೆ," ಎಂದರು. "ಮೂರನ್ನೂ ಬರೆದುಕೊಳ್ಳಿ. ಒಂದನ್ನೂ ಅಳಿಸಬೇಡಿ."